ಪಿಂಗಾಣಿ ಸಂಘದಲ್ಲಿ ಕಲೆಯ ಕುರ್ಚಿ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರಕ್ಕೆ ಅಂಟಿಕೊಂಡಿರುವ ಊರು ವೆಸ್ಟರ್‌ವಿಲ್. ಅಮೆರಿಕನ್ ಸೆರಾಮಿಕ್ ಸೊಸೈಟಿಯ ಹೆಸರು ಈ ಊರಿನ ಜತೆ ಬೆಸೆದುಕೊಂಡಿದೆ. ಸೊಸೈಟಿಯ ಸಂಶೋಧನಾ ಪತ್ರಿಕೆಯನ್ನು ತೆರೆದರೆ ಬೇರಿಯಂ ಟೈಟನೇಟ್, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್‌ಗಳದೇ ಮಾತು. ಪುಟಪುಟಕ್ಕೂ ಗ್ರಾಫು, ಸಮೀಕರಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಪ್ಪುಬಿಳುಪು ಚಿತ್ರ. ಇದೇ ಸಂಘ ‘ಸೆರಾಮಿಕ್ಸ್ ಮಂತ್ಲಿ’ ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸುತ್ತದೆ. ಅದರಲ್ಲಿ ಚಹಾ ಬಟ್ಟಲು, ಹೂಜಿ, ಮಣ್ಣಿನ ಶಿಲ್ಪ, ಮೊಣಕೈವರೆಗೆ ಕೆಸರು ಮೆತ್ತಿಕೊಂಡ ಕಲಾವಿದರ ಪರಿಚಯ, ಗ್ಲೇಜ್ (ಪಾತ್ರೆಯ ಮೈಮೇಲಿನ ಗಾಜಿನಂಥ ಲೇಪ) ಕಲಸುವ ಅಳತೆಪಟ್ಟಿ. ಒಂದರ ಓದುಗರು ಇನ್ನೊಂದನ್ನು ಮುಟ್ಟುವುದೇ ಅಪರೂಪ.

ಒಂದೇ ಸಂಸ್ಥೆಗೆ ಈ ಎರಡು ಮುಖ ಹೇಗೆ ಬಂತು? ಇಟ್ಟಿಗೆ, ಹೆಂಚು, ಒಳಚರಂಡಿ ಕೊಳವೆ ಮಾಡುವವರ ಹಿತಕ್ಕಾಗಿ ಹುಟ್ಟಿದ ವೃತ್ತಿಪರ ಸಂಘದಲ್ಲಿ ಕಲಾವಿದರಿಗೆ ಏನು ಕೆಲಸವಿತ್ತು? ಸಂಘದ 125 ವರ್ಷ ಮೀರಿದ ಚರಿತ್ರೆಯಲ್ಲಿ ಕಲೆ ಒಮ್ಮೆ ವೇದಿಕೆಯ ಮೇಲಿದೆ, ಒಮ್ಮೆ ಬಾಗಿಲ ಬಳಿ ನಿಂತಿದೆ, ಒಮ್ಮೆ ಮನೆ ಬಿಟ್ಟೇ ಹೋಗಿದೆ, ಆಮೇಲೆ ಹಿತ್ತಲ ಬಾಗಿಲಿನಿಂದ ಮರಳಿದೆ. ಈ ಹೋಗಿಬರುವ ಆಟದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಕಲೆಯ ಸ್ಥಾನವನ್ನು ನಿರ್ಧರಿಸಿದ್ದು ಗೌರವವಲ್ಲ, ಬಳಕೆ. ಕಲಾವಿದರೂ ರಸಾಯನಶಾಸ್ತ್ರಜ್ಞರೂ ಮಣ್ಣು ಸುಡುವ ಒಂದೇ ಗೂಡಿಗೆ ಕೈಹಾಕುತ್ತಿದ್ದಷ್ಟು ಕಾಲ ಕುರ್ಚಿ ಭದ್ರವಾಗಿತ್ತು.

19ನೇ ಶತಮಾನದ ಕೊನೆಗೆ ಅಮೆರಿಕದ ಮಣ್ಣಿನ ಉದ್ಯಮ ಗುಟ್ಟಿನ ಮೇಲೆ ನಡೆಯುತ್ತಿತ್ತು. ಯಾವ ಮಣ್ಣಿಗೆ ಎಷ್ಟು ಬೆಣಚುಕಲ್ಲಿನ ಪುಡಿ, ಗ್ಲೇಜಿಗೆ ಎಷ್ಟು ಸೀಸ ಎಂಬುದೆಲ್ಲ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿ ಭದ್ರ. ಮೇಸ್ತ್ರಿ ಕೆಲಸ ಬಿಟ್ಟರೆ ಕಾರ್ಖಾನೆಯ ಬಣ್ಣವೂ ಅವನ ಜತೆ ಹೊರಟುಹೋಗುತ್ತಿತ್ತು. ಇದನ್ನು ಮುರಿಯಲು ಹೊರಟವರು ಎಡ್ವರ್ಡ್ ಆರ್ಟನ್ ಜೂನಿಯರ್. ಮಣ್ಣಿನ ಕಾರ್ಖಾನೆಗಳಲ್ಲಿ ದುಡಿದು ಬಂದಿದ್ದ ಅವರು ಒಹಾಯೊ ಸರ್ಕಾರದ ಬೆನ್ನುಬಿದ್ದು, 1894ರಲ್ಲಿ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಮೆರಿಕದ ಮೊದಲ ಸೆರಾಮಿಕ್ಸ್ ವಿಭಾಗವನ್ನು ತೆರೆಸಿದರು. 1898ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇಟ್ಟಿಗೆ ತಯಾರಕರ ಸಮಾವೇಶ ನಡೆದಾಗ, ಪ್ರಯೋಗದ ಫಲವನ್ನು ಬಚ್ಚಿಡದೆ ಹಂಚಿಕೊಳ್ಳಲು ಬೇರೆಯೇ ಸಂಘ ಬೇಕು ಎಂಬ ಮಾತು ಎದ್ದಿತು. 1899ರ ಫೆಬ್ರವರಿಯಲ್ಲಿ ಕೊಲಂಬಸ್‌ನಲ್ಲಿ ಸಂಘದ ಮೊದಲ ವಾರ್ಷಿಕ ಸಭೆ ಸೇರಿತು. ಕಾರ್ಯದರ್ಶಿಯಾಗಿ ಆರ್ಟನ್ ಅದನ್ನು ವರ್ಷಾನುಗಟ್ಟಲೆ ಮುನ್ನಡೆಸಿದರು.

ಆರ್ಟನ್ ಬಿಟ್ಟುಹೋದ ಇನ್ನೊಂದು ಆಸ್ತಿ ಬೆರಳುದ್ದದ್ದು. ಅದು ಗೂಡಿನೊಳಗೆ ಇಡುವ ಮೂರು ಮೂಲೆಯ ಮೊನಚು ಕಡ್ಡಿ. ಕುಂಬಾರರು, ಕಲಾವಿದರು, ಎಂಜಿನಿಯರರು ಎಲ್ಲರೂ ಅದನ್ನು ‘ಕೋನ್’ ಎಂದೇ ಕರೆಯುತ್ತಾರೆ. ಗ್ಲೇಜಿನಲ್ಲಿರುವ ಪದಾರ್ಥಗಳನ್ನೇ ಲೆಕ್ಕಹಾಕಿ ಬೆರೆಸಿ ಅಚ್ಚುಹಾಕಿದ್ದು. ಗೂಡು ಕಾದಂತೆಲ್ಲ ಅದು ಮೆತ್ತಗಾಗಿ ಬಾಗುತ್ತದೆ. 6ನೇ ಕೋನ್ ಬಾಗಿದರೆ ಸುಮಾರು 1220 ಡಿಗ್ರಿ ಸೆಲ್ಸಿಯಸ್, 10ನೇ ಕೋನ್ ಬಾಗಿದರೆ 1300ರ ಆಸುಪಾಸು ಎಂದು ಲೆಕ್ಕ. ಅದು ಬರೀ ತಾಪವನ್ನು ಅಳೆಯುವುದಿಲ್ಲ, ಆ ತಾಪ ಎಷ್ಟು ಹೊತ್ತು ಕೆಲಸ ಮಾಡಿತು ಎಂಬುದನ್ನೂ ತೋರಿಸುತ್ತದೆ. ಮಣ್ಣು, ಗ್ಲೇಜುಗಳ ಪಾಕ ನಿಂತಿರುವುದೂ ಈ ಎರಡರ ಮೇಲೆಯೇ. ಅನುಭವಿಗಳು ಅಕ್ಕಪಕ್ಕದ ಸಂಖ್ಯೆಯ ಮೂರು ಕೋನ್‌ಗಳನ್ನು ಸಾಲಾಗಿ ನಿಲ್ಲಿಸಿ ಗೂಡಿನ ಕಿಂಡಿಯಲ್ಲಿ ಇಣುಕುತ್ತಾರೆ. ಮೊದಲನೆಯದು ಮಲಗಿದರೆ ಎಚ್ಚರಿಕೆ, ನಡುವಿನದು ಬಾಗಿ ತುದಿ ನೆಲ ಮುಟ್ಟಿದರೆ ಬೆಂಕಿ ನಿಲ್ಲಿಸಬೇಕು, ಮೂರನೆಯದೂ ಬಿದ್ದರೆ ಹೊತ್ತು ಮೀರಿದೆ ಎಂದರ್ಥ. ಆರ್ಟನ್ 1896ರಲ್ಲಿ ಇವುಗಳ ತಯಾರಿಕೆ ಶುರುಮಾಡಿದರು. ಇನ್ಸುಲೇಟರ್ ಕಾರ್ಖಾನೆಗೂ ಹೂದಾನಿ ಮಾಡುವ ಒಂಟಿ ಕಲಾವಿದೆಗೂ ಒಂದೇ ಅಳತೆಗೋಲು ಸಿಕ್ಕಿದ್ದು ಹೀಗೆ.

ಈ ಕೋನಿನ ಮೂಲಕಲ್ಪನೆ ಆರ್ಟನ್ ಅವರದಲ್ಲ, ಬರ್ಲಿನ್ನಿನ ಹರ್ಮನ್ ಸೆಗರ್ ಅವರದು. 1880ರ ದಶಕದಲ್ಲಿ ಕೋನನ್ನು ರೂಪಿಸಿದ ಸೆಗರ್ ಅಲ್ಲಿನ ರಾಜಮನೆತನದ ಪಿಂಗಾಣಿ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ. ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು ಅಪ್ಪಟ ಕಲೆಯದು: ಚೀನಾದ ಹಳೆಯ ಹೂಜಿಗಳ ಮೇಲಿನ ರಕ್ತಗೆಂಪು ಬಣ್ಣ ಹೇಗೆ ಬರುತ್ತದೆ? ಅದು ತಾಮ್ರದ ಆಟ. ಗ್ಲೇಜಿನಲ್ಲಿ ಎಳ್ಳಷ್ಟು ತಾಮ್ರ ಸೇರಿಸಿ, ಸುಡುವಾಗ ಗೂಡಿಗೆ ಗಾಳಿ ಕಡಿಮೆ ಮಾಡಿ ಹೊಗೆಯೇರಿಸಿದರೆ ಅದು ಕೆಂಪಾಗುತ್ತದೆ. ಗಾಳಿ ಸಾಕಷ್ಟು ಆಡಿದರೆ ಅದೇ ತಾಮ್ರ ಹಸಿರು. ಈ ಹುಡುಕಾಟಗಳಿಂದ ಬಂದ ಸೆಗರ್ ಬರಹಗಳನ್ನು ಅಮೆರಿಕನ್ ಸೆರಾಮಿಕ್ ಸೊಸೈಟಿ 1902ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿತು. ಗ್ಲೇಜನ್ನು ಸೇರು ತೂಕದಲ್ಲಿ ಹೇಳದೆ ಅಣುಗಳ ಅನುಪಾತದಲ್ಲಿ ಬರೆಯುವ ಸೆಗರ್ ಸೂತ್ರ ಇಂದಿಗೂ ಕಲಾಶಾಲೆಯ ಸೆರಾಮಿಕ್ಸ್ ಪಾಠದಲ್ಲಿದೆ.

ಸಂಘದ ಸ್ಥಾಪಕರ ಸಾಲಿನಲ್ಲೇ ಚಾರ್ಲ್ಸ್ ಫರ್ಗಸ್ ಬಿನ್ಸ್ ಇದ್ದರು. ಇಂಗ್ಲೆಂಡಿನ ರಾಯಲ್ ವೂಸ್ಟರ್ ಪಿಂಗಾಣಿ ಕಾರ್ಖಾನೆ ನಡೆಸುತ್ತಿದ್ದ ಮನೆತನದವರು, 1897ರಲ್ಲಿ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕ್ ರಾಜ್ಯದ ಆಲ್ಫ್ರೆಡ್ ಎಂಬ ಪುಟ್ಟ ಊರಿನಲ್ಲಿ 1900ರಲ್ಲಿ ತೆರೆದ ಮಣ್ಣುಗೆಲಸದ ಶಾಲೆಗೆ ಅವರೇ ಮೊದಲ ನಿರ್ದೇಶಕರು. ಒಂದೇ ಸೂರಿನಡಿ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಕಲಾವಿದ್ಯಾರ್ಥಿಗೂ ಪಾಠ. ಸಂಘದ ಅಧ್ಯಕ್ಷಗಿರಿಯನ್ನೂ ಕಾರ್ಯದರ್ಶಿ ಹುದ್ದೆಯನ್ನೂ ನಿಭಾಯಿಸಿದ ಬಿನ್ಸ್ ತಾವೇ ಕೂತು ಮಡಕೆ ಮಾಡುತ್ತಿದ್ದರು. ಹೂದಾನಿಯನ್ನು ಮೂರು ಭಾಗವಾಗಿ ತಿಗರಿಯ ಮೇಲೆ ಎತ್ತಿ, ಲೇತ್‌ನಲ್ಲಿ ತರಿದು, ಕೊನೆಗೆ ಜೋಡಿಸುವುದು ಅವರ ಪದ್ಧತಿ. ಗೆರೆ ಒಂದಿಷ್ಟೂ ಆಚೀಚೆ ಆಗುವಂತಿಲ್ಲ. ಅವರ ಕೈಕೆಳಗೆ ಕಲಿತವರು ದೇಶದ ತುಂಬ ಹರಡಿದರು. ಆರ್ಥರ್ ಬ್ಯಾಗ್ಸ್ ಮಾರ್ಬಲ್‌ಹೆಡ್‌ನಲ್ಲಿ ರೋಗಿಗಳ ಚೇತರಿಕೆಗೆಂದು ಶುರುವಾದ ಮಡಕೆಶಾಲೆಯನ್ನು ಹೆಸರಾಂತ ಕಲಾಘಟಕವಾಗಿ ಬೆಳೆಸಿ, ಆಮೇಲೆ ಒಹಾಯೊ ಸ್ಟೇಟ್‌ನಲ್ಲಿ ಪ್ರಾಧ್ಯಾಪಕರಾದರು. ಪಾಲ್ ಕಾಕ್ಸ್ ನ್ಯೂ ಆರ್ಲಿಯನ್ಸ್‌ನ ನ್ಯೂಕಾಂಬ್ ಮಹಿಳಾ ಕಾಲೇಜಿನ ಕಲಾಘಟಕಕ್ಕೆ ಮಂದ ಹೊಳಪಿನ ಗ್ಲೇಜ್ ತಂದುಕೊಟ್ಟರು. ಗೈ ಕೋವನ್ ಕ್ಲೀವ್‌ಲ್ಯಾಂಡ್ ಸೀಮೆಯಲ್ಲಿ ಸ್ವಂತ ಹೆಸರಿನ ಕಾರ್ಖಾನೆ ಕಟ್ಟಿದರು.

ಕಲಾವಿದರಿಗೆ ಆ ಹೊತ್ತಿನಲ್ಲಿ ವಿಜ್ಞಾನ ಏಕೆ ಬೇಕಿತ್ತು? ಸಿನ್ಸಿನಾಟಿಯ ರುಕ್‌ವುಡ್ ಪಾಟರಿಯಲ್ಲಿ 1884ರಲ್ಲಿ ಒಂದು ಗೂಡಿನಿಂದ ಹೊರಬಂದ ಕೆಲವು ಪಾತ್ರೆಗಳ ಗ್ಲೇಜಿನೊಳಗೆ ಹುಲಿಗಣ್ಣಿನಂಥ ಚಿನ್ನದ ಮಿನುಗು ಮೂಡಿತ್ತು. ಚೆನ್ನಾಗಿತ್ತು, ಆದರೆ ಮತ್ತೆ ಬೇಕೆಂದಾಗ ಬರಲೊಲ್ಲದು. ಅದೃಷ್ಟಕ್ಕೆ ಬಂದದ್ದನ್ನು ಲೆಕ್ಕಕ್ಕೆ ತರಲು ರುಕ್‌ವುಡ್ ರಸಾಯನಶಾಸ್ತ್ರಜ್ಞರನ್ನೇ ಕೆಲಸಕ್ಕಿಟ್ಟುಕೊಂಡಿತು. ಅವರಲ್ಲಿ ಒಬ್ಬರಾದ ಕಾರ್ಲ್ ಲ್ಯಾಂಗನ್‌ಬೆಕ್ 1895ರಲ್ಲಿ ಪಾತ್ರೆಗಳ ರಸಾಯನಶಾಸ್ತ್ರದ ಮೇಲೆ ಪುಸ್ತಕವನ್ನೇ ಬರೆದರು.

ಹರಳು ಗ್ಲೇಜಿನ ಕಥೆ ಇನ್ನೂ ಸೂಕ್ಷ್ಮ. ಸತುವಿನ ಆಕ್ಸೈಡ್ ಹೇರಳವಾಗಿರುವ ಗ್ಲೇಜನ್ನು ಪೂರ್ತಿ ಕರಗಿಸಿ, ಆಮೇಲೆ ತಾಪ ಇಳಿಸಿ 1100 ಡಿಗ್ರಿಯ ಸುತ್ತಮುತ್ತ ಗಂಟೆಗಟ್ಟಲೆ ತಡೆದು ನಿಲ್ಲಿಸಬೇಕು. ಆಗ ಸತು ಮತ್ತು ಸಿಲಿಕಾ ಕೂಡಿ ಗಾಜಿನೊಳಗೆ ಹೂವಿನಂತೆ ಅರಳುತ್ತವೆ. ಗ್ಲೇಜು ತೆಳುವಾಗಿ ಹರಿದು ತಳಕ್ಕೆ ಇಳಿಯುವುದರಿಂದ ಪಾತ್ರೆ ಹಲಗೆಗೆ ಅಂಟಿಕೊಳ್ಳುವುದೂ ಉಂಟು. ಈ ವಿದ್ಯೆಯನ್ನು ಅಮೆರಿಕದಲ್ಲಿ ಪಳಗಿಸಿದವರಲ್ಲಿ ಅಡಿಲೇಡ್ ರಾಬಿನೊ ಪ್ರಮುಖರು. ಪಿಂಗಾಣಿ ತಟ್ಟೆಗಳ ಮೇಲೆ ಚಿತ್ರ ಬರೆಯುವುದರಿಂದ ಶುರುಮಾಡಿ, 1899ರಲ್ಲಿ ಗಂಡ ಸ್ಯಾಮ್ಯುಯೆಲ್ ಜತೆ ‘ಕೆರಾಮಿಕ್ ಸ್ಟುಡಿಯೊ’ ಪತ್ರಿಕೆ ಹೊರಡಿಸಿದವರು. ಫ್ರಾನ್ಸಿನ ತಾಕ್ಸಿಲ್ ದೋವಾ ಹೆಚ್ಚಿನ ಉರಿಯ ಪಿಂಗಾಣಿಯ ಬಗ್ಗೆ ಬರೆದ ಲೇಖನಗಳು ಇಂಗ್ಲಿಷಿಗೆ ಬಂದದ್ದು ಆ ಪತ್ರಿಕೆಯಲ್ಲೇ. ಸಂಘ ತೆರೆದಿಟ್ಟ ಜ್ಞಾನವನ್ನು ಕಲಾವಿದರು ಓದಿದರು, ತಮ್ಮದನ್ನೂ ತೆರೆದಿಟ್ಟರು.

1910ರಲ್ಲಿ ಸೇಂಟ್ ಲೂಯಿಸ್ ಪಕ್ಕದ ಯೂನಿವರ್ಸಿಟಿ ಸಿಟಿಯಲ್ಲಿ ರಾಬಿನೊ ಒಂದು ಪಿಂಗಾಣಿ ಹೂದಾನಿ ಕೆತ್ತಿದರು. ಸುಡದ, ಒಣಗಿದ ಪಿಂಗಾಣಿ ಸೀಮೆಸುಣ್ಣದಷ್ಟೇ ನಾಜೂಕು. ಅದರ ಮೈತುಂಬ ಜೀರುಂಡೆಯ ವಿನ್ಯಾಸವನ್ನು ಕೊರೆಯಲು ಸುಮಾರು ಒಂದು ಸಾವಿರ ಗಂಟೆ ಹಿಡಿಯಿತು ಎಂಬ ಲೆಕ್ಕ ಪ್ರಸಿದ್ಧ. ಗೂಡಿನಿಂದ ಹೊರತೆಗೆದಾಗ ಬುಡದಲ್ಲಿ ಬಾಯಿಬಿಟ್ಟ ಬಿರುಕುಗಳು. ಜತೆಗಿದ್ದ ದೋವಾ ಅವರೇ ಇದು ರಿಪೇರಿಯಾಗದು ಎಂದರು. ರಾಬಿನೊ ಪಿಂಗಾಣಿಯನ್ನು ನುಣ್ಣಗೆ ಅರೆದು ಬಿರುಕಿಗೆ ತುಂಬಿ, ಮತ್ತೆ ಗ್ಲೇಜ್ ಹಚ್ಚಿ, ಮತ್ತೊಮ್ಮೆ ಸುಟ್ಟರು. ಬಿರುಕು ಮುಚ್ಚಿಹೋಯಿತು. 1911ರಲ್ಲಿ ಇಟಲಿಯ ಟ್ಯೂರಿನ್ ಪ್ರದರ್ಶನದಲ್ಲಿ ಅವರ ಕೃತಿಗಳಿಗೆ ಅತ್ಯುನ್ನತ ಬಹುಮಾನ ಬಂತು. ಆ ಹೂದಾನಿ ಈಗ ಸಿರಕ್ಯೂಸ್‌ನ ಎವರ್ಸನ್ ಮ್ಯೂಸಿಯಂನಲ್ಲಿದೆ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸಂಘ ದೊಡ್ಡದಾಗಿತ್ತು. ಗಾಜು, ಎನಾಮಲ್, ಬೆಂಕಿ ತಡೆಯುವ ಇಟ್ಟಿಗೆ ಎಂದು ಬೇರೆಬೇರೆ ವಿಭಾಗಗಳಾದವು. ಅವುಗಳ ಸಾಲಿನಲ್ಲಿ ಕಲೆಗೂ ಒಂದು ವಿಭಾಗ ಸಿಕ್ಕಿತು. 1920ರ ದಶಕದಲ್ಲಿ ಅದರ ಅಧ್ಯಕ್ಷರಾಗಿದ್ದವರು ಫ್ರೆಡರಿಕ್ ಹರ್ಟನ್ ರೀಡ್, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಕುಂಬಾರಿಕೆಯ ಸೀಮೆಯಲ್ಲಿ ಹುಟ್ಟಿ ಬಂದವರು. ಕಲೆ ಎಂದರೆ ಗಾಜಿನ ಕಪಾಟಿನ ಒಂದೇ ಒಂದು ಹೂದಾನಿ ಎಂದು ಅವರು ಭಾವಿಸಿರಲಿಲ್ಲ. ಹೋಮರ್ ಲಾಫ್ಲಿನ್ ಕಂಪನಿಗೆ ಅವರು ರೂಪಿಸಿದ ‘ಫಿಯೆಸ್ಟಾ’ ಊಟದ ತಟ್ಟೆಗಳು 1936ರಲ್ಲಿ ಮಾರುಕಟ್ಟೆಗೆ ಬಂದವು. ಹೂಬಳ್ಳಿಯಿಲ್ಲ, ಚಿನ್ನದ ಅಂಚಿಲ್ಲ. ಅಂಚಿಗೆ ಒಂದಿಷ್ಟು ಉಂಗುರ, ಮೈಗೆ ಒಂದೇ ಗಾಢ ಬಣ್ಣ. ಮನೆಯವರು ತಮಗೆ ಬೇಕಾದ ಬಣ್ಣಗಳನ್ನು ಆರಿಸಿ ಬೆರೆಸಿಕೊಳ್ಳಬಹುದಿತ್ತು. ಆರ್ಥಿಕ ಕುಸಿತದ ಕಾಲದಲ್ಲೂ ಅವು ರಾಶಿರಾಶಿಯಾಗಿ ಮಾರಾಟವಾದವು. ಅದರ ಕಿತ್ತಳೆಗೆಂಪು ಬಣ್ಣ ಬರುತ್ತಿದ್ದುದು ಯುರೇನಿಯಂ ಆಕ್ಸೈಡ್‌ನಿಂದ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಯುರೇನಿಯಂ ಅನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಆ ಕೆಂಪು ನಿಂತೇಹೋಗಿ, 1959ರಲ್ಲಿ ಮತ್ತೆ ಬಂತು.

ಆದರೆ ಕಲಾ ವಿಭಾಗ ಕೊಡಲಾಗದ್ದೊಂದಿತ್ತು: ಪ್ರೇಕ್ಷಕರು. ವಾರ್ಷಿಕ ಸಭೆಗೆ ಬರುವವರು ಗೂಡಿನ ಇಂಧನ ಲೆಕ್ಕ ಕೇಳಲು ಬಂದವರು, ಕೃತಿ ನೋಡಿ ಕೊಳ್ಳಲು ಬಂದವರಲ್ಲ. 1929ರಲ್ಲಿ ತೀರಿಕೊಂಡ ರಾಬಿನೊ ನೆನಪಿಗೆ 1932ರಲ್ಲಿ ಸಿರಕ್ಯೂಸ್ ಮ್ಯೂಸಿಯಂನಲ್ಲಿ ಅನ್ನಾ ಓಮ್‌ಸ್ಟೆಡ್ ಒಂದು ಪ್ರದರ್ಶನ ಏರ್ಪಡಿಸಿದರು. ಅದೇ ಮುಂದೆ ‘ಸೆರಾಮಿಕ್ ನ್ಯಾಷನಲ್’ ಎಂಬ ರಾಷ್ಟ್ರಮಟ್ಟದ ಸ್ಪರ್ಧಾಪ್ರದರ್ಶನವಾಗಿ ಬೆಳೆಯಿತು. ಸಂಘ ಲೆಕ್ಕ ಕಲಿಸಿತು, ವೇದಿಕೆ ಮಾತ್ರ ಹೊರಗೆ ಕಟ್ಟಬೇಕಾಯಿತು.

ಎರಡನೇ ಮಹಾಯುದ್ಧದ ನಂತರ ನೆಲವೇ ಜರುಗಿತು. 1940ರ ದಶಕದಲ್ಲಿ ಬೇರಿಯಂ ಟೈಟನೇಟ್‌ನ ವಿದ್ಯುತ್ ಗುಣಗಳು ಬೆಳಕಿಗೆ ಬಂದು, ಸೆರಾಮಿಕ್ ವಸ್ತು ರೇಡಿಯೊ, ರಾಡಾರ್‌ಗಳೊಳಗೆ ಹೊಕ್ಕಿತು. ಅಣು ಇಂಧನದ ಗುಳಿಗೆಗಳೂ ಸೆರಾಮಿಕ್ಕೇ. ಎಂಐಟಿಯ ಡಬ್ಲ್ಯು. ಡೇವಿಡ್ ಕಿಂಗರಿ 1960ರಲ್ಲಿ ಬರೆದ ಪಠ್ಯಪುಸ್ತಕ ಇಡೀ ವಿಷಯವನ್ನು ಭೌತಶಾಸ್ತ್ರದ ತಳಹದಿಯ ಮೇಲೆ ಹೊಸದಾಗಿ ನಿಲ್ಲಿಸಿತು. 1981ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರಿದಾಗ ಅದರ ಮೈಗೆ ಸಿಲಿಕಾ ನಾರಿನ ಸಾವಿರಾರು ಹೆಂಚುಗಳ ಹೊದಿಕೆಯಿತ್ತು. ಜೇಡಿಮಣ್ಣು ಎಂಬ ಪದಾರ್ಥವೇ ಸಂಘದ ಚರ್ಚೆಗಳಲ್ಲಿ ಅಲ್ಪಸಂಖ್ಯಾತವಾಯಿತು.

ಕಲೆಯೂ ಸುಮ್ಮನೆ ಕೂತಿರಲಿಲ್ಲ. ಯುದ್ಧದಿಂದ ಮರಳಿದ ಸೈನಿಕರು ಸರ್ಕಾರದ ವಿದ್ಯಾಭ್ಯಾಸ ನೆರವಿನಿಂದ ಕಲಾಶಾಲೆಗಳಿಗೆ ಸೇರಿದರು, ವಿಶ್ವವಿದ್ಯಾಲಯಗಳಲ್ಲಿ ಸೆರಾಮಿಕ್ಸ್ ತರಗತಿಗಳು ಹೆಚ್ಚಿದವು. ಅಂಥ ನೆರವಿನಿಂದಲೇ ಓದಿದ ಪೀಟರ್ ವೌಲ್ಕಸ್ 1954ರಿಂದ ಲಾಸ್ ಏಂಜಲಿಸ್‌ನಲ್ಲಿ ಮಡಕೆಗಳನ್ನು ಸೀಳಿ, ಗುದ್ದಿ, ಒಂದರ ಮೇಲೊಂದು ಪೇರಿಸಿ ಶಿಲ್ಪ ಮಾಡತೊಡಗಿದರು. ಅಲ್ಲಿ ಬಿರುಕು ದೋಷವಲ್ಲ. ದೋಷ ನಿವಾರಣೆಯನ್ನೇ ಧರ್ಮ ಮಾಡಿಕೊಂಡ ಎಂಜಿನಿಯರರ ಸಭೆಯಲ್ಲಿ ಇವರಿಗೆ ಆಡಲು ಮಾತು ಉಳಿಯಲಿಲ್ಲ. ಸಂಘದ ಶಿಕ್ಷಣ ಮಂಡಳಿಯ ಆಶ್ರಯದಲ್ಲಿ ಸೇರುತ್ತಿದ್ದ ಸೆರಾಮಿಕ್ ಕಲೆಯ ಅಧ್ಯಾಪಕರು 1966ರ ಹೊತ್ತಿಗೆ ಹೊರಬಂದು ತಮ್ಮದೇ ರಾಷ್ಟ್ರೀಯ ಮಂಡಳಿ ಕಟ್ಟಿಕೊಂಡರು. ಎನ್‌ಸಿಇಸಿಎ ಎಂದು ಕರೆಯುವ ಆ ಸಂಸ್ಥೆಯ ವಾರ್ಷಿಕ ಸಮಾವೇಶಕ್ಕೆ ಇಂದು ಸಾವಿರಾರು ಜನ ಸೇರುತ್ತಾರೆ.

ಮನೆ ಪಾಲಾಯಿತು ಎಂದುಕೊಳ್ಳುವಷ್ಟರಲ್ಲಿ ಎರಡು ದಾರಿಯಿಂದ ಕಲೆ ಮರಳಿ ಬಂತು.

ಒಂದು ದಾರಿ ವ್ಯವಹಾರದ್ದು. 1953ರಲ್ಲಿ ಕೊಲಂಬಸ್‌ನಲ್ಲೇ ಖಾಸಗಿಯಾಗಿ ಶುರುವಾಗಿದ್ದ ‘ಸೆರಾಮಿಕ್ಸ್ ಮಂತ್ಲಿ’ಯನ್ನು ಸಂಘ 1990ರ ದಶಕದಲ್ಲಿ ಕೊಂಡುಕೊಂಡಿತು. ಜತೆಗೆ ಹವ್ಯಾಸಿ ಕುಂಬಾರರಿಗೆ ಕೈಕೆಲಸ ಹೇಳಿಕೊಡುವ ಪತ್ರಿಕೆ, ಪುಸ್ತಕ, ವಿಡಿಯೊಗಳೂ ಬಂದವು. ಇನ್ನೊಂದು ದಾರಿ ಪುರಾತತ್ವದ್ದು, ಮತ್ತು ಅದನ್ನು ತೆರೆದವರಲ್ಲಿ ಭೌತಶಾಸ್ತ್ರದ ತಳಹದಿ ಹಾಕಿದ ಅದೇ ಕಿಂಗರಿ ಇದ್ದರು. 1980ರ ದಶಕದಲ್ಲಿ ಅವರು ಪ್ರಾಚೀನ ಸೆರಾಮಿಕ್ ತಂತ್ರಜ್ಞಾನದ ಗ್ರಂಥಮಾಲೆಯನ್ನು ಸಂಘದಿಂದಲೇ ಹೊರತಂದರು. ಪಮೇಲಾ ವ್ಯಾಂಡಿವರ್ ಜತೆಗೂಡಿ 1986ರಲ್ಲಿ ಬರೆದ ಪುಸ್ತಕದಲ್ಲಿ ಚೀನಾದ, ಪರ್ಷಿಯಾದ, ಯುರೋಪಿನ ಮೇರುಕೃತಿಗಳನ್ನು ಒಂದೊಂದಾಗಿ ಎತ್ತಿಕೊಂಡು ಅವುಗಳ ಸೌಂದರ್ಯಕ್ಕೆ ಒಳರಚನೆಯ ಕಾರಣ ಹುಡುಕಿದರು. 1989ರಲ್ಲಿ ವ್ಯಾಂಡಿವರ್ ಮತ್ತು ಸಂಗಡಿಗರು ಇಂದಿನ ಚೆಕ್ ದೇಶದ ಡೊಲ್ನಿ ವೆಸ್ಟೊನಿಟ್ಸೆಯಲ್ಲಿ ಸಿಕ್ಕ ಸುಮಾರು 26,000 ವರ್ಷ ಹಳೆಯ ಸುಟ್ಟಮಣ್ಣಿನ ಗೊಂಬೆಚೂರುಗಳನ್ನು ಪರೀಕ್ಷಿಸಿದ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಬಹುಪಾಲು ಗೊಂಬೆಗಳು ಬೆಂಕಿಯಲ್ಲೇ ಸಿಡಿದಿದ್ದವು. ಬಹುಶಃ ಬೇಕೆಂದೇ ಸಿಡಿಸಿದ್ದು ಎಂಬುದು ಅವರ ತರ್ಕ. ಮನುಷ್ಯರು ಮಣ್ಣನ್ನು ಮೊದಲು ಸುಟ್ಟದ್ದು ಅಡುಗೆಯ ಮಡಕೆಗಲ್ಲ, ಬೊಂಬೆಗಾಗಿ ಎಂಬ ಮಾತಿಗೆ ಇದರಿಂದ ಬಲ ಬಂತು. ಈಗ ಸಂಘದಲ್ಲಿ ಕಲೆ, ಪುರಾತತ್ವ ಮತ್ತು ಸಂರಕ್ಷಣಾ ವಿಜ್ಞಾನಕ್ಕೆಂದು ಪ್ರತ್ಯೇಕ ವಿಭಾಗವೇ ಇದೆ.

ಈ ಮರಳುವಿಕೆಯಲ್ಲಿ ಒಂದು ಕೊರತೆಯೂ ಇದೆ. ಕಲಾವಿದರು ಮರಳಿದ್ದು ಹೆಚ್ಚಾಗಿ ಚಂದಾದಾರರಾಗಿ, ಅವರ ಕೃತಿಗಳು ಮರಳಿದ್ದು ಪರೀಕ್ಷೆಯ ಮಾದರಿಗಳಾಗಿ. ಬಿನ್ಸ್ ಕಾಲದಂತೆ ಸಂಘದ ಅಧ್ಯಕ್ಷರೇ ಸಂಜೆ ಹೊತ್ತು ತಿಗರಿಯ ಮುಂದೆ ಕೂರುವ ದಿನಗಳು ಮರಳಿಲ್ಲ. ಗ್ಲೇಜಿನ ಸೀಸ, ಕ್ಯಾಡ್ಮಿಯಂ ಊಟಕ್ಕೆ ಇಳಿಯದಂತೆ ನೋಡಿಕೊಳ್ಳುವುದು, ಸಿಲಿಕಾ ದೂಳಿನಿಂದ ಶ್ವಾಸಕೋಶ ಕಾಯುವುದು, ಗೂಡಿನ ಇಂಧನ ಉಳಿಸುವುದು ಮುಂತಾಗಿ ಕಲಾವಿದರೂ ಎಂಜಿನಿಯರರೂ ಒಟ್ಟಿಗೆ ಕೂತು ಬಗೆಹರಿಸಬೇಕಾದ ಸಮಸ್ಯೆಗಳಂತೂ ಮುಗಿದಿಲ್ಲ.

ಆಲ್ಫ್ರೆಡ್‌ನಲ್ಲಿ ಬಿನ್ಸ್ ಹೊತ್ತಿಸಿದ ಗೂಡಿನ ಕಾವು ದಕ್ಷಿಣ ಭಾರತಕ್ಕೂ ತಲುಪಿದೆ. ಆಲ್ಫ್ರೆಡ್‌ನಲ್ಲಿ ಓದಿದ ಸೂಸನ್ ಪೀಟರ್ಸನ್ 1955ರಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅದೇ ವಿಶ್ವವಿದ್ಯಾಲಯದಿಂದ ಬಂದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಸ್ಥಾಪಿಸಿದರು. ಇಂದು ಭಾರತದಲ್ಲಿ ಹೆಚ್ಚಿನ ಉರಿಯಲ್ಲಿ ಸುಡುವ ಸ್ಟುಡಿಯೊ ಕುಂಬಾರರಲ್ಲಿ ಬಹಳ ಜನ ಅಲ್ಲಿ ಕಲಿತವರು, ಇಲ್ಲವೇ ಅವರ ಶಿಷ್ಯರ ಶಿಷ್ಯರು.

ನಮ್ಮಲ್ಲೂ ವೃತ್ತಿಪರ ಸಂಘ ಉಂಟು. ಇಂಡಿಯನ್ ಸೆರಾಮಿಕ್ ಸೊಸೈಟಿ 1928ರಲ್ಲೇ ಹುಟ್ಟಿತು, ಕೊಲ್ಕತ್ತದಲ್ಲಿ 1950ರಿಂದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯಿದೆ. ಆದರೆ 2018ರಲ್ಲಿ ಜೈಪುರದಲ್ಲಿ ಮೊದಲ ಭಾರತೀಯ ಸೆರಾಮಿಕ್ಸ್ ಟ್ರಿಯೆನಾಲೆ ಎಂಬ ಕಲಾಪ್ರದರ್ಶನ ನಡೆದಾಗ ಅದನ್ನು ಕಟ್ಟಿದವರು ಕಲಾವಿದರೇ. ಅಮೆರಿಕದಲ್ಲಿ ಎರಡು ಪಂಗಡ ಒಂದೇ ಮನೆಯಲ್ಲಿದ್ದು ಬೇರೆಯಾದವು. ಇಲ್ಲಿ ಮೊದಲಿನಿಂದಲೂ ಒಲೆ ಬೇರೆ. ಇವೆರಡಕ್ಕೂ ಸೇರದ ಮೂರನೆಯವರೂ ಇದ್ದಾರೆ: ಊರೂರಿನ ಕುಂಬಾರರು.

ಕರ್ನಾಟಕದಲ್ಲಿ ಈ ಮೂವರಿಗೂ ನೆಲೆಯಿದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ ಕರಾವಳಿಯ ಚಹರೆಯನ್ನೇ ಬದಲಿಸಿತು. ಮೈಸೂರು ಸಂಸ್ಥಾನದ ಕಾಲದ ಬೆಂಗಳೂರಿನ ಪಿಂಗಾಣಿ ಕಾರ್ಖಾನೆ ಮುಂದೆ ಬಿಎಚ್‌ಇಎಲ್‌ನ ಇನ್ಸುಲೇಟರ್ ಘಟಕವಾಯಿತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಹಣತೆ, ಗಡಿಗೆ, ಹೂಕುಂಡ ಮಾಡುವ ಕುಟುಂಬಗಳು ಇನ್ನೂ ಆವಿಗೆ ಹಚ್ಚುತ್ತಿವೆ. ನಗರದ ಸ್ಟುಡಿಯೊಗಳಲ್ಲಿ ವಿದ್ಯುತ್ ಗೂಡು ಕಾಯುತ್ತಿದೆ.

ಇವರನ್ನು ಒಂದೆಡೆ ಕೂರಿಸಲು ಹೊಸ ಅಕಾಡೆಮಿಯಾಗಲಿ, ಪ್ರಶಸ್ತಿಯಾಗಲಿ ಬೇಕಿಲ್ಲ. ನಮ್ಮ ನದಿ, ಕೆರೆಗಳ ಮಣ್ಣು ಯಾವ ಕೋನಿಗೆ ಗಟ್ಟಿಯಾಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಸೀಸವಿಲ್ಲದ ಯಾವ ಗ್ಲೇಜು ಅದರ ಮೇಲೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಿ, ಕನ್ನಡದಲ್ಲಿ ಬರೆದು, ಕೇಳಿದವರಿಗೆಲ್ಲ ಸಿಗುವಂತೆ ಮಾಡಿದರೆ ಸಾಕು. ಸೆರಾಮಿಕ್ಸ್ ಎಂಜಿನಿಯರರ ವಾರ್ಷಿಕ ಸಭೆಗಳು ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ದಿನವನ್ನು ಇದಕ್ಕೆಂದು ಮೀಸಲಿಡಲಿ, ಆ ದಿನ ಒಬ್ಬ ಕಲಾವಿದೆಗೂ ಒಬ್ಬ ಕುಂಬಾರನಿಗೂ ಪ್ರಬಂಧ ಮಂಡಿಸಲು ಕರೆ ಹೋಗಲಿ.